ಶೆಟ್ಲಿ ಡಬ್ಬಿಯಲ್ಲಿ ಬಂದ ಲೈಸೆನ್ಸು

ಅಡುಗೆಮನೆಯ ಕಿಟಕಿಯಲ್ಲಿ ಮೂರು ದಿನದಿಂದ ಒಂದು ಪೊಟ್ಟಣ ಕೂತಿದೆ. ಒಳಗಿರುವುದು ಒಣ ಶೆಟ್ಲಿ, ಅಂದರೆ ಒಣಗಿಸಿದ ಸಣ್ಣ ಸಿಗಡಿ. ಗೆರೆ ಎಳೆದ ನೋಟ್‌ಬುಕ್ಕಿನ ಹಾಳೆಯಲ್ಲಿ ಕಟ್ಟಿ, ಮೇಲೆ ಬಾಳೆನಾರಿನಿಂದ ಬಿಗಿದದ್ದು. ಅಂಕೋಲಾ ಪೇಟೆಯಿಂದ ನಾನೇ ತಂದೆ. ಹೆಂಡತಿ ಎರಡು ಸಲ ಕೇಳಿದಳು, "ಇದನ್ನ ಹುರೂದೋ ಬಿಸಾಡೂದೋ, ಒಂದು ಹೇಳಿ." ನಾನು ಪೊಟ್ಟಣವನ್ನು ಕಿಟಕಿಯ ಇನ್ನೊಂದು ಮೂಲೆಗೆ ಸರಿಸಿದೆ. ಹೊರಗೆ ಮಳೆ ಹೊಯ್ಯುತ್ತಿದೆ, ಕಿಟಕಿ ಮುಚ್ಚಿದೆ, ವಾಸನೆ ಮನೆಯೆಲ್ಲ ತುಂಬಿದೆ. ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ಆರು ವರ್ಷದ ಹಿಂದಿನ ಒಂದು ಮಳೆಗಾಲ ಎದ್ದು ಬಂದು ಎದುರಿಗೆ ಕೂರುತ್ತದೆ. ಒಳ್ಳೆಯ ನೆನಪೇನಲ್ಲ. ನೆನೆದರೆ ಈಗಲೂ ಮೈಮೇಲೆ ಜಿರಲೆ ಹರಿದ ಹಾಗಾಗುತ್ತದೆ.

ಆಗ ನಾನು ಕಾರವಾರದ ಒಂದು ಖಾಸಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಲ್ಯಾಬಿನ ಹೆಸರು ಹೇಳುವುದಿಲ್ಲ, ಅದು ಮುಚ್ಚಿ ಈಗ ಅಲ್ಲಿ ಬಟ್ಟೆ ಅಂಗಡಿ ಬಂದಿದೆ. ಕಾರವಾರದಲ್ಲಿ ದೊಡ್ಡ ಲ್ಯಾಬು, ಅಂಕೋಲೆಯಲ್ಲಿ ಎರಡು ಕೋಣೆಯ ಶಾಖೆ. ಬೆಳಿಗ್ಗೆ ಚಿತ್ತಾಕುಲದ ಮನೆಯಿಂದ ರೇನ್‌ಕೋಟ್ ಹಾಕಿಕೊಂಡು ಸ್ಕೂಟರ್ ಹತ್ತಿ ಕಾಳಿ ಸೇತುವೆ ದಾಟುವಷ್ಟರಲ್ಲಿ ಒಳಗಿನ ಅಂಗಿಯೂ ತೊಯ್ದಿರುತ್ತಿತ್ತು. ಆ ಒದ್ದೆ ಅಂಗಿಯಲ್ಲೇ ಕೂತು, ಬೂಸ್ಟು ಹಿಡಿದ ಕೀಬೋರ್ಡುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸುವುದು ನನ್ನ ದಿನದ ಮೊದಲ ಕೆಲಸ. ಎರಡನೆಯ ಕೆಲಸ, ಯಾವ ಯಂತ್ರದಲ್ಲಿ ಯಾವ ಸಾಫ್ಟ್‌ವೇರ್ ಇದೆ, ಅದಕ್ಕೆ ಲೈಸೆನ್ಸ್ ಉಂಟೋ ಇಲ್ಲವೋ ಎಂದು ಪಟ್ಟಿ ಮಾಡುವುದು. ಈ ಎರಡನೆಯದನ್ನು ಯಾರೂ ಹೇಳಿರಲಿಲ್ಲ. ಓದಿದ್ದು ಅದೇ ವಿದ್ಯೆ, ಸರಿಯಾಗಿ ಮಾಡೋಣ ಎಂಬ ಹುಮ್ಮಸ್ಸು ನನ್ನದು.

ಪಟ್ಟಿ ಮಾಡಿದೆ. ಹದಿನಾಲ್ಕು ಯಂತ್ರ, ಸರಿಯಾದ ಲೈಸೆನ್ಸ್ ಇದ್ದದ್ದು ಐದಕ್ಕೆ. ಉಳಿದವಕ್ಕೆ ನನಗಿಂತ ಮುಂಚೆ ಇದ್ದ ಪುಣ್ಯಾತ್ಮ ಎಲ್ಲಿಂದಲೋ ಪೆನ್‌ಡ್ರೈವಿನಲ್ಲಿ ಕದ್ದ ಪ್ರತಿ ತಂದು ತುಂಬಿಸಿಟ್ಟಿದ್ದ. ಅದನ್ನು ಮುದ್ರಿಸಿ ಮಾಲೀಕರ ಮೇಜಿನ ಮೇಲಿಟ್ಟೆ. ಮಾಲೀಕರು ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ, ಮಾತು ಬೆಣ್ಣೆ. ಮನೆಮಾತು ಕೊಂಕಣಿ, ನಮ್ಮ ಜೊತೆ ಕನ್ನಡ.

"ಅರೇ ಬಾಬಾ, ಇದನ್ನ ಯಾರು ಕೇಳಿದ್ರು ನಿನ್ನ ಹತ್ರ?" ಎಂದು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಪಟ್ಟಿ ಮಾಡಿದ್ರೆ ಕಡಿಮೆ ಬಿತ್ತು ಅಂತ ಗೊತ್ತಾಗ್ತದೆ. ಮಾಡದೇ ಇದ್ರೆ ಎಲ್ಲ ಸರಿ ಉಂಟಲ್ಲ? ಕಿತ್ಯಾಕ್ ಟೆನ್ಶನ್, ಯಾಕೆ ಬೇಕು?"

ನಾನು ನಕ್ಕೆ. ಅಲ್ಲಿ ನಗಬಾರದಿತ್ತು. ಆದರೆ ತಿಂಗಳ ಸಂಬಳ ಕೊಡುವವರು ಹಾಸ್ಯ ಮಾಡಿದಾಗ ನಗುವುದು ನನಗೆ ಆಗಲೇ ರೂಢಿಯಾಗಿಬಿಟ್ಟಿತ್ತು.

ಇದೆಲ್ಲ ಬಿಡಿ, ಅಸಲು ಕಥೆ ರಿಪೋರ್ಟ್ ಮುದ್ರಿಸುವ ಸಾಫ್ಟ್‌ವೇರಿನದು. ಅದೊಂದನ್ನು ಕದಿಯಲು ಹಿಂದಿನವನಿಗೂ ಆಗಿರಲಿಲ್ಲ. ಅದಕ್ಕೊಂದು ಕೀ ಇತ್ತು. ಬೆರಳುದ್ದದ, ಪೆನ್‌ಡ್ರೈವಿನಂಥ ನೀಲಿ ತುಂಡು. ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತದೆ, ರಿಪೋರ್ಟ್ ಬರುತ್ತದೆ. ಒಂದು ಲೈಸೆನ್ಸಿಗೆ ಒಂದು ಕೀ, ಒಂದು ಕೀಗೆ ಒಂದು ಯಂತ್ರ. ನಮ್ಮ ಮಾಲೀಕರು ಕೊಂಡದ್ದು ಒಂದೇ. ಲ್ಯಾಬು ಎರಡು. ಹಾಗಾದರೆ ಅಂಕೋಲೆಯಲ್ಲಿ ರಿಪೋರ್ಟ್ ಹೇಗೆ ಬರುತ್ತದೆ? ಬಸ್ಸಿನಲ್ಲಿ ಬರುತ್ತದೆ! ನಮ್ಮ ಕಡೆ ಬಸ್ಸಿನಲ್ಲಿ ಎಂಥದ್ದೂ ಹೋಗುತ್ತದೆ. ಅಬ್ಬಲಿ ಹೂವಿನ ದಂಡೆ, ಅಜ್ಜಿಯ ಬಿ.ಪಿ. ಮಾತ್ರೆ, ಹೊಲಿದ ರವಿಕೆ, ಬಂಗಡೆ ಹುಳಿ. ಕಂಡಕ್ಟರ್ ಕೈಗೆ ಕೊಟ್ಟು "ಅಲ್ಲಿ ಬತ್ರು, ಕೊಡಿ" ಎಂದರೆ ಮುಗಿಯಿತು. ಹಾಗೇ ನಮ್ಮ ಲೈಸೆನ್ಸೂ ಹೋಗುತ್ತಿತ್ತು. ಬೆಳಿಗ್ಗೆ ಕಾರವಾರದ ರಿಪೋರ್ಟುಗಳೆಲ್ಲ ಮುಗಿದ ಮೇಲೆ ಹನ್ನೊಂದೂವರೆಯ ಬಸ್ಸಿಗೆ ಕೀ ಹತ್ತುತ್ತಿತ್ತು. ಸಂಜೆ ಐದರ ಬಸ್ಸಿಗೆ ವಾಪಸ್ಸು. ಎರಡು ವರ್ಷದಿಂದ ಹೀಗೇ ನಡೆದಿತ್ತು. ಮೊದಲ ಸಲ ಕೇಳಿದಾಗ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ನಗು ಎಷ್ಟು ಬೇಗ ಹಳಸುತ್ತದೆ.

ಅಂಕೋಲೆಯಲ್ಲಿ ಆ ಬಸ್ಸು ಕಾಯುತ್ತಿದ್ದವಳು ಮೋಹಿನಿ. ಮಂಜಗುಣಿಯ ಮೀನುಗಾರರ ಮನೆಯವಳು, ಮೂವತ್ತೈದರ ಆಸುಪಾಸು, ಡಿಪ್ಲೊಮಾ ಮಾಡಿದ ಟೆಕ್ನಿಶಿಯನ್. ಅಲ್ಲಿಯ ಶಾಖೆಯೆಂದರೆ ಅವಳೇ. ರಕ್ತ ತೆಗೆಯುವವಳು, ಯಂತ್ರ ನಡೆಸುವವಳು, ರಿಪೋರ್ಟ್ ಕೊಡುವವಳು ಎಲ್ಲ. ಬರುವ ಸೆಪ್ಟೆಂಬರಿಗೆ ಅವಳ ಐದು ವರ್ಷ ತುಂಬುತ್ತಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಟೆಕ್ನಿಶಿಯನ್ ಹುದ್ದೆ ಕರೆದಿದ್ದರು, ಅದಕ್ಕೆ ಐದು ವರ್ಷದ ಅನುಭವದ ಪತ್ರ ಬೇಕು. ವಯಸ್ಸಿನ ಮಿತಿಯಲ್ಲಿ ಅವಳಿಗೆ ಅದೇ ಕಡೆಯ ಅವಕಾಶ. ಫೋನು ಮಾಡಿದಾಗಲೆಲ್ಲ ಅವಳು ಅದರ ಬಗ್ಗೆ ಒಂದು ಮಾತಾದರೂ ಹೇಳದೆ ಇಡುತ್ತಿರಲಿಲ್ಲ. "ಸೆಪ್ಟೆಂಬರ್ ಬರೂಕೆ ಬಿಡಿ ಸರ್, ಮತ್ತೆ ನಾ ಯಾರ ಬಸ್ಸೂ ಕಾಯೂದಿಲ್ಲಾ."

ಜೂನಿನ ಮೊದಲ ವಾರ ಕೀ ಹಾಕಿದ್ದ ಲಕೋಟೆ ಒದ್ದೆಯಾಗಿ ಕರಗಿ, ಕೀ ಕಂಡಕ್ಟರ್ ಚೀಲದ ಚಿಲ್ಲರೆಯೊಳಗೆ ಸೇರಿಹೋಯಿತು. ಹುಡುಕಿ ತೆಗೆಯುವಷ್ಟರಲ್ಲಿ ಬಸ್ಸಿನವರೆಲ್ಲ ಬೈದರು. ಮರುದಿನದಿಂದ ಮೋಹಿನಿ ತನ್ನ ಊಟದ ಚೀಲದಲ್ಲಿದ್ದ ಒಂದು ಸಣ್ಣ ಸ್ಟೀಲ್ ಡಬ್ಬಿಯನ್ನು ಅದಕ್ಕೇ ಬಿಟ್ಟುಕೊಟ್ಟಳು. ಬಿಗಿ ಮುಚ್ಚಳ, ನೀರು ಹೋಗುವುದಿಲ್ಲ. ಆದರೆ ಆ ಡಬ್ಬಿಯಲ್ಲಿ ಅವಳು ವರ್ಷಗಟ್ಟಲೆ ತಂದದ್ದು ಒಣ ಶೆಟ್ಲಿ ಚಟ್ನಿ. ಮಳೆಗಾಲದಲ್ಲಿ ಬೋಟು ಕಡಲಿಗಿಳಿಯುವುದಿಲ್ಲ, ಒಣ ಮೀನೇ ಗತಿ. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಕೀಯೂ ನಾರತೊಡಗಿತು. ಕಾರವಾರದಲ್ಲಿ ಡಬ್ಬಿ ತೆಗೆದಾಗ ಮಾಲೀಕರು ಮೂಗು ಮುಚ್ಚಿಕೊಂಡು "ಶೀ, ಶೀ" ಎನ್ನುತ್ತಿದ್ದರು. ಎರಡು ಊರನ್ನು ಒಂದು ಲೈಸೆನ್ಸಿನಲ್ಲಿ ನಡೆಸುವುದು ಅವರಿಗೆ ನಾರುತ್ತಿರಲಿಲ್ಲ, ಡಬ್ಬಿ ನಾರುತ್ತಿತ್ತು.

ಲಕೋಟೆಯ ಗಲಾಟೆಯಾದ ದಿನವೇ ಮೋಹಿನಿ ಒಂದು ಪುಸ್ತಕವನ್ನೂ ಶುರು ಮಾಡಿದಳು. ನೂರು ಪುಟದ ಗೆರೆ ನೋಟ್‌ಬುಕ್ಕು. ಕೀ ಯಾವ ಬಸ್ಸಿಗೆ ಬಂತು, ಯಾವ ಕಂಡಕ್ಟರ್, ಎಷ್ಟು ಹೊತ್ತಿಗೆ ಯಂತ್ರಕ್ಕೆ ಹಾಕಿದ್ದು, ಎಷ್ಟು ಹೊತ್ತಿಗೆ ತೆಗೆದದ್ದು, ವಾಪಸ್ಸು ಕೊಟ್ಟದ್ದು ಯಾರ ಕೈಗೆ. ದುಂಡನೆಯ ಅಕ್ಷರ, ನೀಲಿ ಜೆಲ್ ಪೆನ್ನು.

"ಇದೆಲ್ಲ ಎಂತಕೆ ಬರೀತೀಯಾ?" ಎಂದು ಕೇಳಿದ್ದೆ.

"ರಕ್ತದ ಬಾಟ್ಲಿ ಮೇಲೆ ಹೆಸ್ರು ಬರೀದೇ ಇಟ್ರೆ ಹ್ಯಾಂಗಾತದೆ ಸರ್? ಇದೂ ಹಾಂಗೇ. ಎಲ್ಲಿ ಅದೆ, ಯಾರ ಹತ್ರ ಅದೆ ಅಂತ ಗೊತ್ತಿರ್ಬೇಕಲ್ದಾ?"

ನಾನು ಓದಿದ ದಪ್ಪ ಪುಸ್ತಕಗಳು ಇಷ್ಟನ್ನೇ ಮುನ್ನೂರು ಪುಟದಲ್ಲಿ ಹೇಳಿದ್ದವು.

ಜುಲೈಯಲ್ಲಿ ಮಳೆ ಕೂರಲಿಲ್ಲ. ಒಂದು ದಿನ ಬೆಳಿಗ್ಗೆಯಿಂದ ಒಂದೇ ಸಮನೆ ಹೊಡೆಯಿತು. ಮಧ್ಯಾಹ್ನದ ಹೊತ್ತಿಗೆ ಅಂಕೋಲೆಯ ಈಚೆ ಗುಡ್ಡದ ಮಣ್ಣು ಹೆದ್ದಾರಿಗೆ ಜಾರಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ರಸ್ತೆ ಬಂದ್. ನಮ್ಮ ಹನ್ನೊಂದೂವರೆಯ ಬಸ್ಸು ಮಣ್ಣಿನ ಈಚೆ ಸಾಲಿನಲ್ಲಿ ಸಿಕ್ಕಿಕೊಂಡಿತು. ಅದರ ಕಂಡಕ್ಟರ್ ಚೀಲದಲ್ಲಿ ಡಬ್ಬಿ, ಡಬ್ಬಿಯಲ್ಲಿ ಕೀ.

ಮೋಹಿನಿ ಫೋನು ಮಾಡಿದಳು. ಹಿಂದೆ ಜನರ ಗಲಾಟೆ ಕೇಳುತ್ತಿತ್ತು. "ಸರ್, ಇಲ್ಲೊಬ್ಳಿಗೆ ಜ್ವರ ಬಂದು ಐದು ದಿನ. ಪ್ಲೇಟ್‌ಲೆಟ್ ಭಾಳ ಇಳ್ದದೆ, ಯಂತ್ರದ ಪರದೆ ಮೇಲೆ ಕಾಣ್ತದೆ. ರಿಪೋರ್ಟ್ ಇಲ್ದೇ ಆಸ್ಪತ್ರೆಯವ್ರು ಮುಂದೆ ಕಳ್ಸೂದಿಲ್ಲಾ ಅಂತ್ರು. ಕೀ ಇಲ್ಲಾ, ಪ್ರಿಂಟ್ ಬತ್ತಿಲ್ಲಾ. ಎಂತಾ ಮಾಡ್ಲಿ?"

ನಾನು ಮಾಲೀಕರನ್ನು ಕೇಳಿ ಹೇಳುತ್ತೇನೆ ಎಂದೆ. ಮಾಲೀಕರು ಫೋನು ಎತ್ತಲಿಲ್ಲ. ಅಷ್ಟರಲ್ಲಿ ಅವಳು ಕಾಯದೆ ಬಿಳಿ ಹಾಳೆಯಲ್ಲಿ ಕೈಯಿಂದಲೇ ರಿಪೋರ್ಟ್ ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟುಬಿಟ್ಟಿದ್ದಳು. ಆ ಹೆಂಗಸನ್ನು ಸರಿಯಾದ ಹೊತ್ತಿಗೆ ದೊಡ್ಡ ಆಸ್ಪತ್ರೆಗೆ ಸಾಗಿಸಿದರು, ಬದುಕಿದಳು. ಇದನ್ನು ಕೇಳಿ ಮಾಲೀಕರು ಮಾಡಿದ್ದೇನು? ಕೈಬರಹದ ರಿಪೋರ್ಟಿನಿಂದ ಲ್ಯಾಬಿನ ಮರ್ಯಾದೆ ಹೋಯಿತೆಂದು ಹೌಹಾರಿದರು. ಆಮೇಲೆ ನನ್ನನ್ನು ಕರೆದರು.

"ಆ ಸಾಫ್ಟ್‌ವೇರ್ ಕೀ ಇಲ್ಲದೇ ನಡೆಯೋ ಹಾಗೆ ಮಾಡ್ಲಿಕ್ಕೆ ಬರ್ತದಂತಲ್ಲ? ಮಾಡು. ನಾಳೆನೇ."

"ಇನ್ನೊಂದು ಲೈಸೆನ್ಸ್ ತಕೊಂಡ್ರೆ ಮುಗೀತಲ್ಲ ಸರ್" ಎಂದೆ. ನಿಜ ಹೇಳಬೇಕೆಂದರೆ ಬಹಳ ಮೆಲ್ಲಗೆ ಎಂದೆ.

"ನೋಡುವಾ, ನೋಡುವಾ. ಸದ್ಯಕ್ಕೆ ಇದು ಮಾಡು."

ರಸ್ತೆ ಇನ್ನೂ ತೆರೆದಿರಲಿಲ್ಲ. ಶಿರವಾಡದ ಸ್ಟೇಷನ್ನಿನಲ್ಲಿ ತಡವಾಗಿ ಬಂದ ರೈಲು ಹಿಡಿದು ಅಂಕೋಲೆಗೆ ಹೋದೆ. ಪೆನ್‌ಡ್ರೈವಿನಲ್ಲಿ ಇಂಟರ್ನೆಟ್ಟಿನ ಯಾವುದೋ ಗಟಾರದಿಂದ ಎತ್ತಿದ ಕ್ರ್ಯಾಕು, ಅಂದರೆ ಬೀಗ ಒಡೆಯುವ ಸಾಧನ. ಅದನ್ನು ಚಾಲೂ ಮಾಡಿದ್ದೇ ಪರದೆಯ ಮೇಲೊಂದು ತಲೆಬುರುಡೆ ಮೂಡಿ, ಜಾತ್ರೆಯ ಪೀಪಿಯಂಥ ಸಂಗೀತ ಜೋರಾಗಿ ಮೊಳಗಿತು. ಬೆಂಚಿನ ಮೇಲೆ ಹತ್ತಿ ಒತ್ತಿಕೊಂಡು ಕೂತಿದ್ದ ಬಾಣಂತಿ, ಕಫದ ಬಾಟಲಿ ಹಿಡಿದು ನಿಂತಿದ್ದ ಮುದುಕ, ಎಲ್ಲರೂ ತಿರುಗಿ ನೋಡಿದರು. ಧ್ವನಿ ಬಂದ್ ಮಾಡುವ ಗುಂಡಿ ಕೈಗೆ ಸಿಗಲಿಲ್ಲ. ಆ ಅರ್ಧ ನಿಮಿಷದಲ್ಲಿ ನನಗೆ ನನ್ನ ಕೆಲಸದ ಮೇಲೆ, ಓದಿನ ಮೇಲೆ, ಕೈಬೆರಳುಗಳ ಮೇಲೆ ಹೇಸಿಗೆ ಹುಟ್ಟಿತು. ಥೂ ಎನ್ನಬೇಕೆನಿಸಿತು. ಎನ್ನಲಿಲ್ಲ, ಕೆಲಸ ಮುಗಿಸಿದೆ.

ಸಾಫ್ಟ್‌ವೇರ್ ಕೀ ಇಲ್ಲದೇ ತೆರೆಯಿತು. ಮೋಹಿನಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಇದು ಸಮಾ ಅದ್ಯಾ ಸರ್? ಹಿಂಗೆ ಮಾಡೂಕಾತದ್ಯಾ?"

"ಮಾಲೀಕರು ಹೇಳಿದ್ದಾರೆ."

ಅವಳು ಪುಸ್ತಕ ತೆಗೆದಳು. ದಿನಾಂಕ ಹಾಕಿ ಬರೆದಳು: ಇಂದು ಸರ್ ಕಾರವಾರದಿಂದ ಬಂದು ಕೀ ಇಲ್ಲದೇ ನಡೆಯುವ ಹಾಗೆ ಮಾಡಿದರು. ಮಾಲೀಕರ ಮಾತಿನ ಮೇಲೆ. ಇನ್ನು ಕೀ ಬರುವುದಿಲ್ಲ. ಬರೆದು ನನ್ನ ಮುಂದೆ ಹಿಡಿದಳು. "ಇಲ್ಲೊಂದು ಸಹಿ ಹಾಕಿ." ನಾನು ತಮಾಷೆಯೆಂದುಕೊಂಡೆ. ಅವಳ ಮುಖ ನೋಡಿದರೆ ತಮಾಷೆ ಇರಲಿಲ್ಲ. ಜೇಬಿನ ಬಾಲ್‌ಪೆನ್ನು ತೆಗೆದು ಸಹಿ ಹಾಕಿದೆ. ಸಿಕ್ಕಿಕೊಂಡ ಬಸ್ಸು ಕಾರವಾರಕ್ಕೆ ವಾಪಸ್ಸು ತಂದಿದ್ದ ಡಬ್ಬಿಯನ್ನು, ಕೀ ಅಲ್ಲೇ ತೆಗೆದಿಟ್ಟು, ನಾನೇ ತಂದಿದ್ದೆ; ಅದು ಅವಳ ಊಟದ ಚೀಲಕ್ಕೆ ಮರಳಿತು.

ಒಂದು ತಿಂಗಳೂ ಕಳೆಯಲಿಲ್ಲ. ಸಾಫ್ಟ್‌ವೇರ್ ಕಂಪನಿಯಿಂದ ಪತ್ರ ಬಂತು. ನಿಮ್ಮ ಒಂದೇ ಲೈಸೆನ್ಸ್ ಒಂದೇ ಹೊತ್ತಿಗೆ ಎರಡು ಊರಿನಲ್ಲಿ ನಡೆಯುತ್ತಿರುವುದು ಇಂಟರ್ನೆಟ್ ಮೂಲಕ ನಮ್ಮ ಗಮನಕ್ಕೆ ಬಂದಿದೆ, ನಮ್ಮ ಪ್ರತಿನಿಧಿ ಬಂದು ನೋಡುತ್ತಾರೆ ಎಂದು. ಬಸ್ಸಿನಲ್ಲಿ ಓಡಾಡುತ್ತಿದ್ದಷ್ಟು ದಿನ ಅದು ಎರಡು ಕಡೆ ಒಟ್ಟಿಗೆ ಇರುತ್ತಿರಲಿಲ್ಲವಲ್ಲ. ಅವಳ ಶೆಟ್ಲಿ ಡಬ್ಬಿಯೇ ನಮ್ಮನ್ನು ಕಾಯ್ದಿತ್ತು.

ಮಾಲೀಕರು ಬಾಗಿಲು ಹಾಕಿಸಿ ನನ್ನನ್ನು ಕೂರಿಸಿದರು. ಚಹಾ ತರಿಸಿದರು. ಚಹಾ ಬಂತೆಂದರೆ ಏನೋ ಇದೆ ಎಂದು ನನಗೆ ಗೊತ್ತು. "ಅಂಕೋಲೆಯವ್ಳು ತಾನೇ ಯಾರ ಹತ್ರನೋ ತಂದು ಹಾಕಿಕೊಂಡಿದ್ದು. ನಮಗೆ ಗೊತ್ತಿರಲಿಲ್ಲ. ಹೀಗೆ ಹೇಳು, ಅಷ್ಟೇ. ಇಲ್ಲಾಂದ್ರೆ ಮಾಡಿದ್ದು ಯಾರು ಅಂತ ಬರ್ತದೆ, ನಿನ್ನ ಕೈಯೇ ಅಲ್ಲವಾ?" ಎಂದು ಬೆಣ್ಣೆಯಂತೆ ಹೇಳಿ, ಕಡೆಗೆ ಸೇರಿಸಿದರು: "ಅವಳೇನೋ ಪುಸ್ತಕ ಬರೀತಾಳಂತೆ. ಅದನ್ನ ಇಸ್ಕೊಂಡು ಬಾ."

ಆಗ ನನಗೆ ಮದುವೆಯಾಗಿ ಎಂಟು ತಿಂಗಳು. ಇದನ್ನು ನೆವವೆಂದು ಹೇಳುತ್ತಿಲ್ಲ. ಅವತ್ತು ನಾನು ನನಗೇ ಕೊಟ್ಟುಕೊಂಡ ನೆವ ಇದೇ ಆಗಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಅಂಕೋಲೆಗೆ ಹೋಗಿ, ಕಂಪನಿಯವರು ತಪಾಸಣೆಗೆ ಬರುತ್ತಾರೆ, ಪುಸ್ತಕ ಬೇಕು ಎಂದೆ. ಮೋಹಿನಿಯ ಮುಖ ಅರಳಿತು. "ತಕಂಡು ಹೋಗಿ ಸರ್. ಎಲ್ಲಾ ಅದೆ ಇದ್ರಲ್ಲಿ, ಒಂದು ದಿನಾನೂ ಬಿಡ್ಲಿಲ್ಲಾ. ಅವ್ರಿಗೆ ತೋರ್ಸಿ." ಮಳೆಯಲ್ಲಿ ನೆನೆಯದಿರಲೆಂದು ತಾನೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟಳು.

ಕಂಪನಿಯವನು ಬಂದ. ಸಣ್ಣ ವಯಸ್ಸಿನವನಲ್ಲ, ಕನ್ನಡಕದ ಸಾಧು ಮನುಷ್ಯ. ಗದ್ದಲ ಮಾಡುವವನೂ ಅಲ್ಲ. "ಅಂಕೋಲೆಯಲ್ಲಿ ಇದನ್ನು ಹಾಕಿದ್ದು ಯಾರು? ಬರೆದಿಟ್ಟದ್ದೇನಾದರೂ ಇದೆಯಾ?" ಎಂದು ನನ್ನನ್ನೇ ನೋಡಿ ಕೇಳಿದ. ಪುಸ್ತಕ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿತ್ತು, ಎರಡು ಅಡಿ ದೂರದಲ್ಲಿ. "ಅಲ್ಲಿಯ ಸಿಬ್ಬಂದಿ ತಂದು ಹಾಕಿಕೊಂಡಿದ್ದಾರೆ. ನಮಗೆ ಗೊತ್ತಿರಲಿಲ್ಲ. ಬರೆದಿಟ್ಟದ್ದು ಏನೂ ಇಲ್ಲ" ಎಂದೆ. ಮೂರು ವಾಕ್ಯ, ಮೂರೂ ಸುಳ್ಳು. ಅವನು ಬರೆದುಕೊಂಡ, ನಾನು ಕೆಳಗೆ ಸಹಿ ಹಾಕಿದೆ. ಮಾಲೀಕರು ಅವನೆದುರೇ ಇನ್ನೊಂದು ಲೈಸೆನ್ಸ್ ಕೊಂಡರು. ಕಾರ್ಡು ಉಜ್ಜಿದರು, ಒಂದು ಪಿನ್ನು ಒತ್ತಿದರು, ಆಯಿತು. ಇಷ್ಟೇ ಆಗಬೇಕಿದ್ದದ್ದು. ಎರಡು ವರ್ಷದ ಬಸ್ಸಿನ ನಾಟಕವೆಲ್ಲ ಒಂದು ಪಿನ್ನು ಒತ್ತಲು ಮನಸ್ಸಿಲ್ಲದ್ದಕ್ಕೆ. ಆ ಬಿಳಿ ಅಂಗಿಯ ಮೇಲೆ ಒಂದು ಸುಕ್ಕೂ ಇರಲಿಲ್ಲ. ಕಿಟಕಿಯ ಗಾಜಿನಲ್ಲಿ ನನ್ನ ಅಂಗಿಯೂ ಕಂಡಿತು, ಅದೂ ಚೆನ್ನಾಗಿಯೇ ಇಸ್ತ್ರಿಯಾಗಿತ್ತು.

ಮೋಹಿನಿಯನ್ನು ಆಗಸ್ಟ್ ಕಡೆಯ ವಾರ ತೆಗೆದರು. ಐದು ವರ್ಷಕ್ಕೆ ಹದಿನೈದು ದಿನ ಬಾಕಿ. ಅನುಭವದ ಪತ್ರ ಕೊಡಲಿಲ್ಲ. ಅವಳು ನನಗೆ ಮೂರು ಸಲ ಫೋನು ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಲ್ಲುವ ತನಕ ನಾನು ಪರದೆಯ ಮೇಲಿನ ಹೆಸರು ನೋಡುತ್ತ ಕೂತಿದ್ದೆ. ನಾಲ್ಕನೆಯ ಸಲ ಮಾಡಲಿಲ್ಲ.

ಮರುವರ್ಷ ನಾನು ಗೋವಾದ ಒಂದು ಕಂಪನಿ ಸೇರಿದೆ. ದಿನಾ ಮಾಜಾಳಿ ದಾಟಿ ಹೋಗಿ ಬರುವ ಬಸ್ಸಿನ ಜನರಲ್ಲಿ ಒಬ್ಬನಾದೆ. ಅಲ್ಲಿ ನನ್ನ ಕೆಲಸ ಇದೇ, ಸಾಫ್ಟ್‌ವೇರ್ ಲೈಸೆನ್ಸುಗಳ ಉಸ್ತುವಾರಿ. ಹೊಸಬರಿಗೆ ಪಾಠವನ್ನೂ ಹೇಳುತ್ತೇನೆ. ಕಳೆದ ವಾರ ಅಂಥ ಒಂದು ಪಾಠದಲ್ಲಿ ನನ್ನ ಪಟ್ಟಿಯ ನಮೂನೆ ತೋರಿಸಿದೆ. ಏನು, ಎಲ್ಲಿ, ಯಾರ ಕೈಯಲ್ಲಿ, ಯಾವಾಗಿನಿಂದ, ಯಾರ ಮಾತಿನ ಮೇಲೆ. ಒಬ್ಬಳು ಹೊಸ ಹುಡುಗಿ, "ಎಷ್ಟು ಸರಳವಾಗಿದೆ ಸರ್, ಯಾರು ಮಾಡಿದ್ದು?" ಎಂದಳು. "ಅನುಭವದಿಂದ ಬಂದದ್ದು" ಎಂದೆ. ಚಪ್ಪಾಳೆ ಬಿತ್ತು. ಮನೆಗೆ ಬಂದವನೇ ಕಪಾಟಿನ ಮೇಲಿನಿಂದ ಆ ಪ್ಲಾಸ್ಟಿಕ್ ಚೀಲ ಇಳಿಸಿದೆ. ಪುಸ್ತಕವನ್ನು ಸುಡಲೂ ಆಗದೆ ಕೊಡಲೂ ಆಗದೆ ಆರು ವರ್ಷ ಇಟ್ಟುಕೊಂಡಿದ್ದೆ.

ಶನಿವಾರ ಅಂಕೋಲೆಗೆ ಹೋದೆ. ಹುಡುಕುವುದು ಕಷ್ಟವಾಗಲಿಲ್ಲ. ಮೀನು ಪೇಟೆಯ ಪಕ್ಕ, ಒಣ ಮೀನಿನವರ ಸಾಲಿನಲ್ಲಿ ನೀಲಿ ತಾಡಪತ್ರೆಯ ಕೆಳಗೆ ಕೂತಿದ್ದಳು. ಅತ್ತೆಯ ಜಾಗವಂತೆ, ಬೆಳಿಗ್ಗೆ ಮನೆ ಮನೆಗೆ ಹೋಗಿ ರಕ್ತ ತೆಗೆದು ಬೇರೆ ಲ್ಯಾಬಿಗೆ ಕೊಡುತ್ತಾಳೆ, ಮಧ್ಯಾಹ್ನ ಇಲ್ಲಿ. ನನ್ನನ್ನು ಕಂಡ ಕೂಡಲೇ ಗುರುತಿಸಿದಳು. ಮುಖದಲ್ಲಿ ಸಿಟ್ಟು ಬರಲೆಂದು ಕಾದೆ. ಬರಲಿಲ್ಲ.

"ಶೆಟ್ಲಿ ಬೇಕಾ ಸರ್? ಒಳ್ಳೇದ್ ಅದೆ, ಮಳೆಗಿಂತ ಮುಂಚೆ ಒಣಗ್ಸಿದ್ದು."

ನಾನು ಚೀಲದಿಂದ ಪುಸ್ತಕ ತೆಗೆದು ಮುಂದಿಟ್ಟೆ. ತಪ್ಪಾಯಿತು ಎಂದೆ. ಯಾರಿಗೆ ಬೇಕಾದರೂ ಬರೆದು ಕೊಡುತ್ತೇನೆ, ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ ಎಂದೂ ಅಂದೆ. ದಾರಿಯುದ್ದಕ್ಕೂ ಕಲಿತುಕೊಂಡು ಬಂದ ಮಾತುಗಳು.

ಅವಳು ಕೈ ಸೆರಗಿಗೆ ಒರೆಸಿಕೊಂಡು ಪುಸ್ತಕ ಎತ್ತಿಕೊಂಡಳು. ನಿಧಾನವಾಗಿ ಹಾಳೆ ತಿರುವಿದಳು. "ಆ ಹುದ್ದೆಗೆ ವಯಸ್ಸು ದಾಟಿ ಐದು ವರ್ಷಾತು. ಈಗ ಯಾರಿಗೆ ತೋರ್ಸೂದು ಸರ್? ತೋರ್ಸೂ ಕೆಲ್ಸ ಆವಾಗ ನಿಮ್ದಾಗಿತ್ತು."

ಕಡೆಯ ಬರಹದ ಹಾಳೆ ಬಂತು. ಓದಿದಳು. ಆಮೇಲೆ ಅದನ್ನು ಹೊಲಿಗೆಯ ಹತ್ತಿರದಿಂದ ನೀಟಾಗಿ ಹರಿದು ಮಡಿಲ ಮೇಲೆ ಹರಡಿದಳು. ಮೂರು ಹಿಡಿ ಶೆಟ್ಲಿ ಸುರಿದಳು. ನಾಲ್ಕು ಕಡೆಯಿಂದ ಮಡಚಿ, ನಾರು ಸುತ್ತಿ, ನನ್ನ ಕೈಗೆ ಕೊಟ್ಟಳು.

"ಪ್ಲಾಸ್ಟಿಕ್ ಬಂದ್ ಮಾಡಿದ್ರಲ್ದಾ, ಕಾಗದಕ್ಕೇ ಪಂಚೇತಿ. ಒಳ್ಳೇದಾಯ್ತು ತಂದದ್ದು."

ಪುಸ್ತಕವನ್ನು ತಕ್ಕಡಿಯ ಪಕ್ಕ ಇಟ್ಟುಕೊಂಡಳು. ನನ್ನ ಹಿಂದೆ ನಿಂತಿದ್ದ ಹೆಂಗಸು ಒಣ ಬಂಗಡೆ ಕೇಳಿದಳು. ಮೋಹಿನಿ ಮುಂದಿನ ಹಾಳೆ ಹರಿದಳು.

ಇವತ್ತು ಬೆಳಿಗ್ಗೆ ಪೊಟ್ಟಣ ಬಿಚ್ಚಿದೆ. ಉಪ್ಪಿನ ತೇವ ಹತ್ತಿ ಅವಳ ಜೆಲ್ ಪೆನ್ನಿನ ಅಕ್ಷರಗಳೆಲ್ಲ ಕರಗಿ ನೀಲಿ ಕಲೆಯಾಗಿವೆ, ಒಂದು ಪದವೂ ಓದಲು ಬರುವುದಿಲ್ಲ. ಕೆಳಗಡೆ ನನ್ನ ಸಹಿ ಮಾತ್ರ ಬಾಲ್‌ಪೆನ್ನಿನದು. ಅದು ಹಾಗೇ ಇದೆ.